ಯಾವ ಖಾನೆ ಮೊದಲು

ಎಂಬತ್ತರ ದಶಕದ ಕೊನೆಗೆ ಬಲ್ಮಠದಲ್ಲಿ ತಂಗಿಗೆ ಕಂಪ್ಯೂಟರ್ ಕಲಿಸುತ್ತಿದ್ದ ಮೇಷ್ಟ್ರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಮಾತಾಡುವಾಗ ಮುಖ ನೋಡದೆ ಕನ್ನಡಕ ಒರೆಸುತ್ತಿದ್ದರು. "ಪುಸ್ತಕ ಹೇಳದ್ದನ್ನು ನಂಬಬೇಡಿ" ಎನ್ನುವುದು ಅವರ ಮಾತು.

ತಂಗಿ ತನ್ನ ಪ್ರೋಗ್ರಾಮಿನ ಒಂದೇ ಸಾಲಿನಲ್ಲಿ ದಿನ, ತಿಂಗಳು ಎಂದು ಎರಡು ಖಾನೆ ಬರೆದು, ಟೈಪ್ ಮಾಡಿದ ಸಂಖ್ಯೆಗಳನ್ನು ಅಲ್ಲೇ ಓದಿ ತುಂಬಲು ಕಂಪ್ಯೂಟರಿಗೆ ಹೇಳಿದ್ದಳು. ಕ್ಲಾಸಿನಲ್ಲಿ ಸರಿ ಬಂದದ್ದು ಪರೀಕ್ಷೆಯ ದಿನ ಬೇರೆ ಮೆಶಿನಿನಲ್ಲಿ ದಿನದ ಜಾಗಕ್ಕೆ ತಿಂಗಳು ಬಂದು ಅದಲುಬದಲಾಯಿತು. ಅವಳು ಫೇಲಾದಳು.

"ನೀವೇ ಎಂತದೋ ಮಾಡಿದ್ದಲ್ವಾ?" ಎಂದು ಮೇಷ್ಟ್ರನ್ನು ಕೇಳಿದೆ.

"ಇಲ್ಲ ಮಾರಾಯ್ರೆ. ಯಾವ ಖಾನೆ ಮೊದಲು ತುಂಬಬೇಕು ಅಂತ ಕಂಪ್ಯೂಟರ್ ಭಾಷೆಯ ನಿಯಮದಲ್ಲಿ ಇಲ್ಲ. ಒಂದೊಂದು ಮೆಶಿನ್ ಒಂದೊಂದು ಥರ. ಎರಡು ಸಂಖ್ಯೆಗಳನ್ನೂ ಮೊದಲೇ ಒಂದೊಂದಾಗಿ ಓದಿಟ್ಟು, ಮತ್ತೆ ಖಾನೆಗೆ ಹಾಕಬೇಕಿತ್ತು. ಇದರಲ್ಲೇ ಉಂಟು, ನೋಡಿ" ಎಂದು ಇಂಗ್ಲಿಷಿನ ನಿಯಮ ಪುಸ್ತಕ ತೆರೆದು ನನ್ನ ಕೈಗಿಟ್ಟರು.

ಏಳನೇ ಕ್ಲಾಸು ಮುಗಿಸದ ನಾನು ಪುಟದ ಮೇಲೆ ಬೆರಳು ಓಡಿಸಿ ತಲೆಯಾಡಿಸಿದೆ.

ಮೇಷ್ಟ್ರು ಪುಸ್ತಕ ತೋರಿಸಿದ್ದನ್ನು ಮನೆಯಲ್ಲಿ ಹೇಳಿದಾಗ ಅಪ್ಪ ಕೇಳಿದರು, "ಪುಸ್ತಕದಲ್ಲಿ ಎಂತ ಉಂಟು?"

"ಅವರು ಹೇಳಿದ್ದು ಎಂತದ್ದೂ ಇಲ್ಲ. ನಾನೇ ಓದಿದೆ. ಆ ಜನ ಸರಿ ಇಲ್ಲ" ಎಂದೆ.

ಅಪ್ಪ ಮರುದಿನವೇ ಕ್ಲಾಸು ಬಿಡಿಸಿದರು. ನನಗೆ ಇಂಗ್ಲಿಷ್ ಓದಲು ಬಾರದೆಂದು ಮನೆಯಲ್ಲಿ ತಂಗಿಯೊಬ್ಬಳಿಗೇ ಗೊತ್ತಿತ್ತು. ಅವಳು ನನ್ನನ್ನು ಬಿಟ್ಟುಕೊಡಲಿಲ್ಲ.