ಬೀಗ ಹಾಕಿಟ್ಟ ಕತ್ತಾಳೆ

ನಮ್ಮಣ್ಣನಿಗೆ ತೆಗೆಯಲು ಬಾರದ ಬೀಗವೊಂದನ್ನು ಯಾವ ಪುಣ್ಯಾತ್ಮನಾದರೂ ಮಾಡಿದ್ದರೆ ಆ ಗಿಡ ಇವತ್ತಿಗೂ ಬದುಕಿರುತ್ತಿತ್ತು.

ನಲವತ್ತು ವರ್ಷ ಬೀಗ ರಿಪೇರಿ ಮಾಡಿದವನು ಅವನು. ಒಬ್ಬರು ಕೂತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದಂಥ ಅಂಗಡಿ. ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳಲಿಲ್ಲ. ಗಂಡ ತೀರಿಕೊಂಡ ಮೇಲೆ ನಾನು ಪೆಟ್ಟಿಗೆ ಹಿಡಿದು ಬಂದಾಗ ಏನೂ ಕೇಳದೆ, ಮನೆಗೆ ಇನ್ನೊಂದು ಕೀಲಿಕೈ ಮಾಡಿ ನನ್ನ ಕೈಗಿಟ್ಟ. "ತಗೋ ಪುಟ್ಟೀ" ಅಂದ, ಅಷ್ಟೇ. ಕೂದಲು ನರೆಯತೊಡಗಿದ್ದ ಪುಟ್ಟಿ ನಾನು!

ಅವನ ಸಂಸಾರ ಅಂದರೆ ಆ ಕತ್ತಾಳೆ ಗಿಡ. "ಬೇಲಿ ಗಿಡಾನ ಮನೆಯೊಳಗೆ ಸಾಕ್ತಾರಲ್ರೀ ನಿಮ್ಮಣ್ಣ!" ಎಂದು ಪಕ್ಕದ ಮನೆಯ ಟೀಚರ್ ನಗುತ್ತಿದ್ದರು. ನಗಲಿ. ತಂದಾಗ ಅಂಗೈಯಗಲ ಇದ್ದದ್ದು ಹದಿನೆಂಟು ವರ್ಷದಲ್ಲಿ ಹಿಂದಿನ ಕೋಣೆಯ ಕಿಟಕಿಯ ಕೆಳಗೆ ಹರಡಿಕೊಂಡು ನಡೆಯಲು ದಾರಿಯೇ ಉಳಿದಿರಲಿಲ್ಲ. ಬೂದು ಹಸಿರು ಎಲೆಗಳು ದೊಡ್ಡ ಹೂವಿನ ಎಸಳುಗಳ ಹಾಗೆ ಸುತ್ತುಸುತ್ತಾಗಿ ಅರಳಿದ್ದವು. ಮುಳ್ಳು ನನಗೆ ಚುಚ್ಚೀತೆಂದು ಕೀಲಿಕೈ ಉಜ್ಜುವ ಅರದಿಂದಲೇ ಒಂದೊಂದು ಎಲೆಯ ತುದಿಯನ್ನೂ ಮೊಂಡು ಮಾಡಿದ್ದ. ಕುಂಡದ ತುಂಬ ಮರಳು, ಇಟ್ಟಿಗೆ ಚೂರು. ಪೊರಕೆ ಕಡ್ಡಿ ಚುಚ್ಚಿ ನೋಡಿ, ತಳದವರೆಗೂ ಒಣಗಿದ್ದರೆ ಮಾತ್ರ ಒಂದು ಚೊಂಬು ನೀರು. ಅದೂ ಇಪ್ಪತ್ತು ದಿನಕ್ಕೊಮ್ಮೆ. ಒಂದು ಸಲ ಅಯ್ಯೋ ಪಾಪ ಅಂತ ನಾನೇ ಹಾಕಿಬಿಟ್ಟಿದ್ದೆ. ಎರಡು ದಿನ ಮಾತು ಬಿಟ್ಟಿದ್ದ ಮಹಾರಾಯ.

ಮೂರು ವರ್ಷದ ಹಿಂದೆ ಮರೆವು ಶುರುವಾಯಿತು. ಮೊದಲು ಗಿರಾಕಿಗಳ ಮುಖ ಮರೆತ, ಆಮೇಲೆ ಅಂಗಡಿಯ ದಾರಿ, ಆಮೇಲೆ ನನ್ನನ್ನು. ಎದುರಿಗೆ ಹೋದರೆ "ಏನಾಗ್ಬೇಕಿತ್ತಮ್ಮಾ?" ಎಂದು ಕೇಳುತ್ತಿದ್ದ. ಗಿಡ ಮಾತ್ರ ಮರೆಯಲಿಲ್ಲ. ನೀರು ಹಾಕಬೇಕು ಅನ್ನುವುದು ನೆನಪಿರುತ್ತಿತ್ತು, ಹಾಕಿದ್ದು ನೆನಪಿರುತ್ತಿರಲಿಲ್ಲ. ದಿನಕ್ಕೆ ಎಂಟು ಚೊಂಬು, ಹತ್ತು ಚೊಂಬು!

ಚೊಂಬು ಬಚ್ಚಿಟ್ಟೆ, ಲೋಟದಲ್ಲಿ ಹಾಕಿದ. ಲೋಟ ಬಚ್ಚಿಟ್ಟೆ, ಬೊಗಸೆಯಲ್ಲಿ ಒಯ್ದ. ನಾಲ್ಕು ಜನ ಸೇರಿ ಕುಂಡವನ್ನು ಟೀಚರ್ ಮನೆಗೆ ಸಾಗಿಸಿದೆವು. ಖಾಲಿ ಜಾಗ ನೋಡಿ ಊಟವನ್ನೇ ಬಿಟ್ಟ. ಮತ್ತೆ ಹೊತ್ತು ತಂದೆವು.

ಕೊನೆಗೆ ಕೋಣೆಗೆ ಬೀಗ ಜಡಿದೆ. ನನ್ನದೇ ಹೇರ್‌ಪಿನ್ನಿನಿಂದ ಎರಡೇ ನಿಮಿಷದಲ್ಲಿ ತೆಗೆದ. ಷರ್ಟಿನ ಗುಂಡಿ ಹಾಕಿಕೊಳ್ಳಲು ಬಾರದ ಕೈ! ಅವನ ಅಂಗಡಿಯನ್ನು ಕೊಂಡವರ ಹತ್ತಿರ ಹೋಗಿ ಇರುವುದರಲ್ಲೇ ಗಟ್ಟಿ ಬೀಗ ಕೇಳಿದೆ.

"ಕೊಡ್ತೀನಕ್ಕಾ," ಅಂದರು ಅವರು. "ಆದ್ರೆ ಇದನ್ನ ತೆಗೆಯೋದು ನಂಗೆ ಹೇಳ್ಕೊಟ್ಟಿದ್ದೇ ನಿಮ್ಮಣ್ಣ."

ಅದಕ್ಕೆ ಐದು ನಿಮಿಷ ಹಿಡಿಯಿತು. ಸುಳ್ಳು ಯಾಕೆ ಹೇಳಲಿ, ಅಡುಗೆಮನೆಯಲ್ಲಿ ನಿಂತು ಆ ಟಕ್ ಶಬ್ದ ಕೇಳುವಾಗ ಹೊಟ್ಟೆಯೂ ಉರಿಯುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ಬೀಗದ ಮುಂದೆ ಬಗ್ಗಿದಾಗ ಮಾತ್ರ ಅವನು ನಮ್ಮಣ್ಣನ ಹಾಗೆ ಕಾಣುತ್ತಿದ್ದ. ಹೊಸ ಬೀಗ ತರುವುದನ್ನು ನಾನು ನಿಲ್ಲಿಸಲಿಲ್ಲ.

ಗಿಡದ ಕೆಳಗಿನ ಎಲೆಗಳು ಹಳದಿಯಾದವು, ಮೆತ್ತಗಾದವು, ಮುಟ್ಟಿದರೆ ಕೈಗೇ ಬಂದವು. ಒಂದು ಬೆಳಿಗ್ಗೆ ಇಡೀ ಗಿಡವೇ ಬುಡ ಕಳಚಿ ವಾಲಿಕೊಂಡಿತು, ಕೋಣೆಯೆಲ್ಲ ಕೊಳೆತ ವಾಸನೆ. ಬೀಗ ತೆಗೆದು ಅಣ್ಣ ಒಳಗೆ ಹೋದ. ಪೊರಕೆ ಕಡ್ಡಿ ಚುಚ್ಚಿ ನೋಡಿದ. ಕಡ್ಡಿಗೆ ಕೆಸರು ಮೆತ್ತಿಕೊಂಡಿತ್ತು. ನನ್ನ ಕಡೆ ತಿರುಗಿ ದುರುಗುಟ್ಟಿ ನೋಡಿದ.

"ಪುಟ್ಟೀ! ಎಷ್ಟು ನೀರು ಹುಯ್ದಿದೀಯೇ? ಬೇಡ ಬೇಡ ಅಂತ ಬಡ್ಕೊಂಡಿದ್ದೆ ತಾನೇ?"

ಒಂದು ವರ್ಷವಾಗಿತ್ತು ಅವನು ನನ್ನನ್ನು ಹಾಗೆ ಕರೆದು. ನೀನೇ ಕಣೋ ಕೊಂದದ್ದು ಎಂದು ಚೀರಲು ಬಾಯಿ ತೆರೆದೆ. ಅವನು ಕಳಚಿಬಿದ್ದ ಎಲೆಯೊಂದನ್ನು ಎತ್ತಿ ಮತ್ತೆ ಬುಡಕ್ಕೆ ಆನಿಸಿ ನಿಲ್ಲಿಸಲು ನೋಡುತ್ತಿದ್ದ.

"ಹೌದಣ್ಣ, ನಾನೇ. ತಪ್ಪಾಯ್ತು."

"ಎರಡು ದಿನ ನಿನ್ ಹತ್ರ ಮಾತಾಡಲ್ಲ ಹೋಗು," ಎಂದು ಮುಖ ತಿರುಗಿಸಿದ.

ಎರಡು ದಿನವಲ್ಲ, ಎಷ್ಟು ದಿನ ಬೇಕಾದರೂ ಮುನಿಸಿಕೊಂಡಿರಲಿ ಎಂದು ಬೇಡಿಕೊಂಡೆ. ಅವನು ಮಾತು ಬಿಟ್ಟಿರುವಷ್ಟು ಹೊತ್ತು ನಾನು ಪುಟ್ಟಿ.

ಮಧ್ಯಾಹ್ನ ಊಟಕ್ಕೆ ಬಡಿಸುವಾಗ ತಲೆಯೆತ್ತಿ ನಕ್ಕ. "ಅಮ್ಮಾ, ಒಂದು ಲೋಟ ನೀರು ಕೊಡ್ತೀರಾ?" ಅಂದ.

ಕೊಟ್ಟೆ. ಲೋಟ ಹಿಡಿದುಕೊಂಡು ಹಿಂದಿನ ಕೋಣೆಯ ಕಡೆ ನಡೆದ.