ದುರ್ಗವ್ವ ಮಕ್ಕಳಿಗೆ ಬಿಟ್ಟ ನೆಲ

ಬೆಳಗಿನ ಆರು ಗಂಟೆ. ಮಾದನಾಯಕನಹಳ್ಳಿಯ ಗೋದಾಮುಗಳ ಹಿಂದಿನ ಗಲ್ಲಿ. ಶೀಟು ಹೊದಿಸಿದ ಒಂದೇ ಕೋಣೆಯಲ್ಲಿ ಐವತ್ತೆಂಟರ ದುರ್ಗವ್ವ ಅಂಬೆಗಾಲಿಡುತ್ತಿದ್ದಾರೆ. ನೋಯುವ ಮಂಡಿಗಳಿಗೆ ಹಳೆ ಬಟ್ಟೆ ಸುತ್ತಿಕೊಂಡಿದ್ದಾರೆ. ಕೆನ್ನೆಯನ್ನು ನೆಲಕ್ಕೆ ತಾಗಿಸಿ ಮೂಲೆಮೂಲೆಗೂ ಕಣ್ಣು ಹಾಯಿಸುತ್ತಾರೆ. ಒಂದು ಸೇಫ್ಟಿ ಪಿನ್ನು, ಒಂದಿಷ್ಟು ಹುಣಸೆ ಬೀಜ ಸಿಗುತ್ತವೆ.

ಮನೆ ಓನರ್ ನಾಗಲಕ್ಷ್ಮಮ್ಮ ಬಾಗಿಲಲ್ಲಿ ಇಣುಕುತ್ತಾರೆ. "ಏನ್ ದುರ್ಗವ್ವ, ಇನ್ನೂ ನಡೆಯೋಕೆ ಬಂದಿಲ್ವಾ ನಿಂಗೆ?"

"ನಿಂತು ನೋಡಿದ್ರ ನಮಗ ಬೇಕಾದ್ದು ಕಾಣ್ತೈತ್ರೀ ಅಮ್ಮಾರ. ಕೂಸಿನ ಕೈಗೆ ಸಿಗೋದು ಕಾಣಬೇಕಂದ್ರ ಹಿಂಗ ಬೀಳಬೇಕು."

ಏಳಕ್ಕೆಲ್ಲ ಕೂಸುಗಳು ಬರತೊಡಗುತ್ತವೆ. ಒಟ್ಟು ಐದು. ತಾಯಂದಿರು ಗಾರ್ಮೆಂಟ್ಸಿಗೆ, ಗೋದಾಮಿಗೆ, ಕಟ್ಟಡದ ಕೆಲಸಕ್ಕೆ ಹೋಗುವವರು. ಸಂಜೆವರೆಗೆ ಈ ನೆಲ ಮಕ್ಕಳದ್ದು. ಒಲೆ ಗೋಡೆಯಾಚೆ ಹೋಗಿದೆ, ಬಕೆಟ್ಟು ಬಚ್ಚಲಲ್ಲಿ ಬೋರಲು ಬಿದ್ದಿದೆ. ಪಾತ್ರೆ ಸ್ಟ್ಯಾಂಡಿನ ಕೆಳಗಿನ ಸಾಲಿನಲ್ಲಿ ಮುಚ್ಚಳ, ಸೌಟು, ಬುಟ್ಟಿ ಅವರಿಗೆಂದೇ ಇವೆ. ರಾತ್ರಿ ಪಾಳಿ ಮುಗಿಸಿ ಬಂದ ವಾಚ್‌ಮನ್ ಗಂಡ ಚನಬಸಪ್ಪ ಆ ಗದ್ದಲದಲ್ಲೇ ನಿದ್ದೆ ಹೋಗುತ್ತಾರೆ. ಯಾರಾದರೂ ಮೀಸೆ ಜಗ್ಗಿದರೆ ಮಗ್ಗುಲು ಬದಲಿಸುತ್ತಾರೆ, ಅಷ್ಟೆ.

ದುರ್ಗವ್ವ ಕುಷ್ಟಗಿ ಕಡೆಯವರು. ಪೀಣ್ಯದ ಸುತ್ತ ಎದ್ದ ಕಟ್ಟಡಗಳಿಗೆ ವರ್ಷಗಟ್ಟಲೆ ಇಟ್ಟಿಗೆ ಹೊತ್ತವರು. ಮಂಡಿ ಸೋತ ಮೇಲೆ ಕೂಸುಗಳನ್ನು ನೋಡಿಕೊಳ್ಳಲು ಕೂತರು.

ಹೋದ ತಿಂಗಳು ಕಟ್ಟಡ ಕೆಲಸದ ಭಾಗ್ಯಶ್ರೀ ತನ್ನ ಹನ್ನೊಂದು ತಿಂಗಳ ರಕ್ಷಿತಾಳನ್ನು ಕರೆತಂದಳು. ಜೊತೆಗೆ ಹಳೆ ಸೀರೆಯ ಒಂದು ಪಟ್ಟಿ. ಸೈಟಿನಲ್ಲಿ ಬಾಯಿ ತೆರೆದ ನೀರಿನ ಸಂಪು ಇತ್ತು. ಮಗು ಅತ್ತ ಹೋಗದಂತೆ ಆ ಪಟ್ಟಿಯಿಂದ ಅದರ ಸೊಂಟವನ್ನು ಕಂಬಕ್ಕೆ ಕಟ್ಟುತ್ತಿದ್ದಳು.

"ಇಲ್ಲೂ ಕಟ್ಟು ಯವ್ವಾ. ನನಗ ಜೀವ ನಿಲ್ಲಂಗಿಲ್ಲ."

"ಇಲ್ಲಿ ಸಂಪಿಲ್ಲ ತಂಗಿ."

ಪಟ್ಟಿ ಇಲ್ಲದಿದ್ದರೂ ರಕ್ಷಿತಾ ಎರಡು ಮೊಳ ಹೋಗುತ್ತಾಳೆ, ನಿಲ್ಲುತ್ತಾಳೆ, ತಿರುಗಿ ಬರುತ್ತಾಳೆ. ಕಟ್ಟಿದ್ದಾಗ ಎಷ್ಟು ದೂರ ಸಾಗುತ್ತಿದ್ದಳೋ ಅಷ್ಟೇ. ಆಚೆ ಉಳಿದ ಮಕ್ಕಳು ಮುಚ್ಚಳ ಬಡಿಯುತ್ತಿದ್ದರೆ ಇವಳು ಕೂತಲ್ಲೇ ನೋಡುತ್ತಾಳೆ. ಭಾಗ್ಯಶ್ರೀಗೆ ಸಂಕಟ. "ಶನಿವಾರತನ ನೋಡ್ತೀನಿ. ಇಲ್ಲೂ ಹಿಂಗ ಕುಂತ್ರ ಸೈಟಿಗೇ ಒಯ್ತೀನಿ. ಕಟ್ಟಿದ್ರೂ ಕಣ್ಮುಂದರ ಇರ್ತಾಳ."

ದುರ್ಗವ್ವ ಮಗುವನ್ನು ಕರೆಯಲಿಲ್ಲ, ಕೈಹಿಡಿದು ಎಳೆಯಲಿಲ್ಲ. ದಿನವೂ ಒಂದು ಮುಚ್ಚಳವನ್ನು ಅವಳ ಗಡಿಯಿಂದ ಒಂದು ಗೇಣು ಆಚೆ ಇಟ್ಟು, ಗೋಡೆಗೊರಗಿ ಅವರೆ ಸುಲಿಯುತ್ತಾ ಕೂತರು. ಮಗು ಕೈ ಚಾಚಿ ಅಳುತ್ತಿತ್ತು.

"ತಂದು ಕೊಡೋದು ಸಸಾರ. ಕುಂತು ನೋಡೋದು ಕಷ್ಟ ಐತ್ರಿ" ಎನ್ನುತ್ತಾರೆ. "ನಮ್ಮ ಕೈ ತಾನ ಹೋಗ್ತೈತಿ. ಎರಡು ಸಲ ಅರ್ಧ ಎದ್ದು ಕುಂತೆ."

ಶನಿವಾರ ಸಂಜೆ ಭಾಗ್ಯಶ್ರೀ ಬಂದಾಗ ಯಾವುದೋ ಮಗುವಿನ ಕೈಯಿಂದ ಜಾರಿದ ಮುಚ್ಚಳ ಬಾಗಿಲತ್ತ ಉರುಳುತ್ತಿದೆ. ರಕ್ಷಿತಾ ಅದರ ಹಿಂದೆ ಹೊರಡುತ್ತಾಳೆ. ಎರಡು ಮೊಳದಲ್ಲಿ ನಿಲ್ಲುತ್ತಾಳೆ. ಸೊಂಟದತ್ತ ಬಗ್ಗಿ ನೋಡಿಕೊಳ್ಳುತ್ತಾಳೆ. ಭಾಗ್ಯಶ್ರೀ ಮುಂದೆ ಬಾಗುತ್ತಾಳೆ.

"ತಡಿಯವಾ," ಎನ್ನುತ್ತಾರೆ ದುರ್ಗವ್ವ, ಮೆಲ್ಲಗೆ.

ಮಗು ಒಂದು ಕೈ ಮುಂದಿಡುತ್ತದೆ. ಆಮೇಲೆ ಮಂಡಿ. ಆಮೇಲೆ ಹೊಸ್ತಿಲವರೆಗೂ ದಡದಡ. ತಾಯಿಯ ಕಾಲ ಬಳಿಯೇ ಮುಚ್ಚಳ ಹಿಡಿದು ನೆಲಕ್ಕೆ ಬಡಿಯುತ್ತದೆ.

"ನನ್ನ ಮಾರಿ ಸೈತ ನೋಡ್ಲಿಲ್ಲಲ್ಲ ಯವ್ವಾ!" ಭಾಗ್ಯಶ್ರೀ ನಗುತ್ತಾ ಕಣ್ಣೊರೆಸಿಕೊಳ್ಳುತ್ತಾಳೆ.

"ನೋಡವಲ್ಲಳು ಬಿಡು. ಕೆಲಸದಾಗ ಅದಾಳ."

ಸೋಮವಾರ ಬೆಳಿಗ್ಗೆ ಆ ಪಟ್ಟಿ ಭಾಗ್ಯಶ್ರೀಯ ಕೈಯಲ್ಲಿ ಸಿಂಬಿಯಾಗಿ ಸುತ್ತಿಕೊಂಡಿದೆ. ಗಾರೆ ತುಂಬಿದ ಬಾಣಲಿ ಹೊರುವಾಗ ತಲೆಗೆ ಬೇಕು. ನಿಮಗೇನು ಬೇಕು ಎಂದು ಕೇಳಿದರೆ ದುರ್ಗವ್ವ ಹೊಸ್ತಿಲಾಚೆಯ ಜಗಲಿ ತೋರಿಸುತ್ತಾರೆ. ಸಿಮೆಂಟು ಕಿತ್ತು ಕಲ್ಲು ಎದ್ದಿದೆ. "ಅಷ್ಟು ನುಣ್ಣಗಾದ್ರ ಸಾಕ್ರಿ. ಈ ವಾರ ಅಲ್ಲೀತನ ಬರ್ತಾಳ ಅಕಿ."

ಹೊರಟಿದ್ದ ಭಾಗ್ಯಶ್ರೀ ನಿಂತು ಜಗಲಿಯನ್ನು ಕಾಲಿನಿಂದ ಒತ್ತಿ ನೋಡುತ್ತಾಳೆ.

"ಐತಾರ ಬಂದು ನಾನ ಮಾಡಿ ಕೊಡ್ತೀನಿ ಬಿಡು ಯವ್ವಾ."