ಗೌರಮ್ಮ ಉತ್ತರ ಕೊಡುವುದಿಲ್ಲ

ಕೆಂಗೇರಿಯ ಈ ನರ್ಸಿಂಗ್ ಕಾಲೇಜಿಗೆ ನಾನು ಪಾಠ ಹೇಳಲು ಬಂದ ಮೊದಲ ದಿನ, ಹುಡುಗಿಯೊಬ್ಬಳು ರಬ್ಬರಿನ ಗೊಂಬೆಯ ಅಪ್ಪಣೆ ಕೇಳುತ್ತಿದ್ದಳು. "ನಮಸ್ಕಾರ ಗೌರಮ್ಮ, ನಾನು ನಿಮ್ಮ ನರ್ಸ್. ಇಂಜೆಕ್ಷನ್ ಕೊಡ್ತೀನಿ, ಪರ್ವಾಗಿಲ್ವಾ? ಯಾವ್ದಾದ್ರೂ ಔಷಧಿ ಮೈಗ್ ಆಗಲ್ವಾ?" ಗೌರಮ್ಮ ಚಾವಣಿ ನೋಡುತ್ತಿದ್ದಳು. ಹುಡುಗಿ ಉಸಿರು ಕೂಡ ತೆಗೆದುಕೊಳ್ಳದೆ ಸೂಜಿ ಚುಚ್ಚಿದಳು. ಪಕ್ಕದಲ್ಲಿದ್ದ ಮೇಡಂ ಪಟ್ಟಿಯ ಪ್ರತಿ ಸಾಲಿಗೂ ಟಿಕ್ ಹಾಕಿದರು. ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.

ಬಾಗಲಕೋಟೆ ಕಡೆಯ ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಗೊಂಬೆ ಇರಲಿಲ್ಲ. ವಿದ್ಯಾರ್ಥಿಗಳನ್ನು ಸಿಸ್ಟರ್‌ಗಳ ಬೆನ್ನ ಹಿಂದೆ ನಿಲ್ಲಿಸುತ್ತಿದ್ದೆವು. ಒಂದು ವಾರ ನೋಡಿದವರು ಮುಂದಿನ ವಾರ ಚುಚ್ಚುತ್ತಿದ್ದರು. ಅಪ್ಪಣೆಯ ಮಾತಿರಲಿ, "ಸುಮ್ನ ಮಲ್ಕೋ ಮುತ್ಯಾ" ಎಂದು ಗದರುತ್ತಿದ್ದೆವು. ಆದರೆ ಹಾಸಿಗೆಯ ಸುತ್ತ ನಾಲ್ಕು ಜನ ಬಂಧುಗಳಿರುತ್ತಿದ್ದರು. ಕೇಳದಿದ್ದರೂ ಎಲ್ಲ ಹೇಳುವವರು. ಹೀಗೆ ಬರೆಯುವಾಗ ಅಲ್ಲಿಯದೇ ಚೆನ್ನಾಗಿತ್ತು ಎನಿಸುತ್ತದೆ. ನಂಬಬೇಡಿ. ಯಾರೂ ಜೊತೆಗಿಲ್ಲದ ರೋಗಿಗಳು ಅಲ್ಲೂ ಇದ್ದರು. ಅವರು ನನಗೆ ನೆನಪಿಲ್ಲ, ಅಷ್ಟೇ.

ನನ್ನ ಕೋಣೆ ಮೂಡಲಪಾಳ್ಯದಲ್ಲಿ, ಎರಡನೇ ಮಹಡಿ. ಕೆಳಗಿನ ಓನರ್ ಆಂಟಿ ಒಮ್ಮೆ ಬಸ್ಸಾರು ಕೊಟ್ಟರು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಮಸಾಲೆ ರುಬ್ಬಿ ಹಾಕಿದ ಸಾರು. ನಾನು ಅದಕ್ಕೆ ನಮ್ಮೂರಿನ ಕಟಕ ಜೋಳದ ರೊಟ್ಟಿ ಮುರಿದು ಹಾಕಿದ್ದು ಕಂಡು, "ಮುದ್ದೆಗ್ ಮಾಡಿದ್ದು ಕಣಮ್ಮ" ಎಂದು ನೊಂದುಕೊಂಡರು. ಕಾಲೇಜಿನಲ್ಲಿ ನನ್ನ 'ಹೌದ್ರಿ' ಕೇಳಿ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಮೂರು ತಿಂಗಳಲ್ಲಿ ಆ 'ರೀ' ಉದುರಿತು. ಊರಿನಲ್ಲಿರುವ ತಂಗಿಗೆ ಫೋನಿನಲ್ಲಿ ಅದನ್ನು ಗೆಲುವೆಂದೇ ಹೇಳಿಕೊಂಡೆ. ಅವಳು ಮಾತು ಬದಲಿಸಿದಳು. ಅದೇ ಹೊತ್ತಿಗೆ ಗೌರಮ್ಮನನ್ನು ನೋಡಿ ನಗುವುದೂ ನಿಂತಿತ್ತು. ಪ್ರಶ್ನೆ ಮುಗಿಯುವ ಮೊದಲೇ ಟಿಕ್ ಹಾಕುವ ವೇಗ ನನ್ನ ಕೈಗೂ ಬಂದಿತ್ತು.

ಆಮೇಲೆ ಆಸ್ಪತ್ರೆಯಲ್ಲಿ, ನಿಜವಾದ ರೋಗಿಯ ಮುಂದೆ, ನಂದಿನಿಯ ಸರದಿ. ಮೂರನೇ ವರ್ಷದವಳು, ಲ್ಯಾಬಿನಲ್ಲಿ ಯಾವಾಗಲೂ ಪೂರ್ತಿ ಅಂಕ. ವಾರ್ಡಿನಲ್ಲಿ ಅವಳಿಗೆ ಸಿಕ್ಕವರು ನಿವೃತ್ತ ಬಸ್ ಕಂಡಕ್ಟರ್ ಒಬ್ಬರು, ಉಬ್ಬಸದವರು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಹುಡುಕಬೇಕಾಗಿತ್ತು. ಯಾವುದಾದರೂ ಔಷಧಿ ಆಗುವುದಿಲ್ಲವೇ ಎಂದು ಅವಳು ಕೇಳಿದಳು. ಅವರು ಬಾಯಿ ತೆರೆದರು. ಅವಳ ಕೈ ಆಗಲೇ ಸಿರಿಂಜಿನ ಮೇಲಿತ್ತು, ನನ್ನ ಪೆನ್ನು ಹಾಳೆಯ ಮೇಲೆ.

ತಂಗಿಗೆ ಹೇಳುವಾಗ, ನಾನೇ ಥಟ್ಟನೆ ನಂದಿನಿಯ ಕೈ ಹಿಡಿದೆ ಎಂದೆ. ಎರಡನೆಯ ಸಲ ಹೇಳುವಾಗ ಕೂಗಿದ್ದೂ ಸೇರಿತು. ಎರಡೂ ಸುಳ್ಳು. ತಮ್ಮ ಕೈ ಎಳೆದುಕೊಂಡದ್ದು ಆ ಕಂಡಕ್ಟರೇ.

"ಹೋದ್ಸಲ ಇದೇ ಔಷಧಿಗೆ... ಮುಖ ಎಲ್ಲಾ ಊದ್ಕೊಂಡಿತ್ತು. ಹೇಳ್ತಾ ಇದೀನಲ್ಲಮ್ಮ," ಎಂದರು. ಆಮೇಲೆ, ಸಿಟ್ಟಿಲ್ಲದೆ, "ನಾನೂ ಯಾವ್ ಸ್ಟಾಪು ಅಂತ ದಿನಾ ಕೇಳ್ತಿದ್ದೆ. ಅವ್ರು ಹೇಳೋವರ್ಗೂ ಟಿಕೆಟ್ ಹರೀತಿರ್ಲಿಲ್ಲ."

ಡಾಕ್ಟರು ಔಷಧಿ ಬದಲಿಸಿದರು. ಅವರಿಗೇನೂ ಆಗಲಿಲ್ಲ. ಆದರೆ ಇಂಥದ್ದು ನಡೆದರೆ ವರದಿ ಬರೆಯಲೇಬೇಕು. 'ವಿದ್ಯಾರ್ಥಿನಿ ರೋಗಿಯ ಉತ್ತರಕ್ಕೆ ಕಾಯಲಿಲ್ಲ' ಎಂದು ಬರೆದೆ. ನಿಜವೇ. ಅದರ ಪರಿಣಾಮ, ನಂದಿನಿ ಆ ವಾರ್ಡಿನ ತರಬೇತಿಯನ್ನು ಮೊದಲಿನಿಂದ ಮಾಡಬೇಕು, ಈ ಸಲ ಪರೀಕ್ಷೆಗೆ ಕೂರುವ ಹಾಗಿಲ್ಲ. ಅವಳು ಸಹಿ ಹಾಕಿ ಹಾಳೆಯನ್ನು ನನ್ನತ್ತ ತಳ್ಳಿದಳು.

"ಮೇಡಂ, ನೀವು ಟಿಕ್ ಹಾಕಿದ್ರಲ್ಲಾ," ಎಂದಳು. "ಅವ್ರು ಉತ್ತರ ಹೇಳೋಕ್ ಮುಂಚೆನೇ."

ಅಂದು ಸಂಜೆ ಮೆಟ್ರೋದಲ್ಲಿ ಎರಡು ನಿಲ್ದಾಣ ದಾಟಿದ ಮೇಲೆ ಇಳಿದು ಕಾಲೇಜಿಗೆ ವಾಪಸ್ ಬಂದೆ ಎಂದು ನೆನಪು. ಅಥವಾ ಮಾರನೆಯ ದಿನ ಹೋದೆನೋ. ಇಳಿದದ್ದು ಹೇಳಲು ಚೆನ್ನಾಗಿದೆ, ಹಾಗಾಗಿ ಅದರ ಮೇಲೇ ಅನುಮಾನ. ಎರಡನೆಯ ಹಾಳೆ ಬರೆದದ್ದಂತೂ ನಿಜ. ಪ್ರಿನ್ಸಿಪಾಲರ ಬಳಿ ಅದು ಇದೆ. ಟಿಕ್ ನನ್ನದು, ಕಾಯದೆ ಕೇಳುವುದನ್ನು ಕಲಿಸಿದ್ದೂ ನಾವೇ ಎಂದು ಅದರಲ್ಲಿದೆ. ನಂದಿನಿ ಲ್ಯಾಬಿನಲ್ಲಿ ಮತ್ತೊಮ್ಮೆ ಮಾಡಿ ತೋರಿಸಿದರೆ ಪರೀಕ್ಷೆಗೆ ಬಿಡುತ್ತೇವೆ ಎಂದರು. ನನ್ನನ್ನು ವಾರ್ಡಿನಿಂದ ತೆಗೆದು ಲ್ಯಾಬಿಗೆ ಹಾಕಿದರು.

ಲ್ಯಾಬಿನಲ್ಲಿ ಗೌರಮ್ಮನನ್ನು ಮೂಲೆಗೆ ಸರಿಸಿದೆ. ಸೂಜಿ ಚುಚ್ಚಲೆಂದೇ ಇರುವ ರಬ್ಬರಿನ ಕೈಯನ್ನು ಪಕ್ಕಕ್ಕಿಟ್ಟುಕೊಂಡು, ಅವಳ ಮಂಚದ ಮೇಲೆ ಈಗ ನಾನು ಮಲಗುತ್ತೇನೆ. ಪ್ರತಿ ಪ್ರಶ್ನೆಗೂ ತಡವಾಗಿ ಉತ್ತರಿಸುತ್ತೇನೆ. ಮೊದಲೇ ಕೈ ಚಾಚಿದವರಿಗೆ ಟಿಕ್ ಇಲ್ಲ. ಬಹಳ ಜನ ಚಾಚುತ್ತಾರೆ. ಮೇಡಂ ನಿದ್ದೆ ಮಾಡ್ತಾರೆ ಕಣೇ ಎಂದು ಹಿಂದೆ ಪಿಸುಗುಟ್ಟುವುದೂ ಕೇಳುತ್ತದೆ.

ನಂದಿನಿ ಬಂದ ದಿನ ಇನ್ನೊಬ್ಬ ಮೇಡಂ ಪಟ್ಟಿ ಹಿಡಿದಿದ್ದರು. ನಂದಿನಿ ನನ್ನ ಮುಖ ನೋಡಲಿಲ್ಲ. ಹೆಸರು ಕೇಳಿದಳು, ಹೇಳಿದೆ. ವಯಸ್ಸು ಕೇಳಿದಳು, ಹೇಳಿದೆ.

"ಯಾವೂರು ನಿಮ್ದು?"

ರೋಗಿಯ ಚೀಟಿಯಲ್ಲಿ ನಾನೇ ಮೂಡಲಪಾಳ್ಯ ಎಂದು ಬರೆದಿಟ್ಟಿದ್ದೆ. ನಾಲಿಗೆಗೆ ಬಂದದ್ದು ಬಾಗಲಕೋಟೆ ಕಡೆಯ ಊರಿನ ಹೆಸರು, ಅದೂ ಆ ಉದುರಿಹೋದ 'ರೀ' ಜೊತೆಗೆ. ಎರಡರಲ್ಲಿ ಯಾವುದನ್ನೂ ಹೇಳಲಾಗಲಿಲ್ಲ. ಈ ಸಲ ತಡ ಮಾಡಿದ್ದು ನಟನೆಯಲ್ಲ. ಚಾವಣಿಯ ಫ್ಯಾನು ನೋಡುತ್ತ ಮಲಗಿದ್ದೆ, ಗೌರಮ್ಮನ ಹಾಗೆಯೇ.

ನಂದಿನಿ ಸಿರಿಂಜನ್ನು ಟ್ರೇಗೆ ಇಟ್ಟಳು. ಕೈ ಕಟ್ಟಿಕೊಂಡು ನಿಂತಳು. ಕಾದಳು.